ಸಣ್ಣ ಊರಿನ ಕ್ರೈಂ ಥ್ರಿಲ್ಲರ್: ರಾಯಚೂರು ಸೀಮೆಯ ಕಡೆಯಿಂದ

ತಾಲ್ಲೂಕು ಕೇಂದ್ರ, ಸಂತೆಯೂರು ಅಥವಾ ನಡುಗಾತ್ರದ ಜಿಲ್ಲಾ ಪಟ್ಟಣದಲ್ಲಿ ನಡೆಯುವ ಕೊಲೆ, ಕಳವು, ನಾಪತ್ತೆ ಪ್ರಕರಣಗಳ ಸುತ್ತ ಹೆಣೆದ ಕಾದಂಬರಿ, ಸಿನಿಮಾ, ವೆಬ್ ಸರಣಿಗಳಿಗೆ ಸಣ್ಣ ಊರಿನ ಕ್ರೈಂ ಥ್ರಿಲ್ಲರ್ ಎಂಬ ಹೆಸರು ಬಳಕೆಯಲ್ಲಿದೆ. ಪತ್ತೇದಾರಿ ಕಥೆಯ ಜೊತೆಗೇ ಬೆಳೆದ ಪ್ರಕಾರ ಇದು, ಆದರೆ ಇದರ ಕುತೂಹಲದ ಬೇರು ಬೇರೆ ಕಡೆ ಇದೆ. ಮಹಾನಗರದ ಕಥೆ ‘ಯಾರು ಮಾಡಿದರು’ ಎಂದು ಕೇಳುತ್ತದೆ; ಅಲ್ಲಿ ಎದುರು ಮನೆಯವನ ಹೆಸರೇ ಗೊತ್ತಿರುವುದಿಲ್ಲ. ಸಣ್ಣ ಊರಿನಲ್ಲಿ ಯಾರು ಮಾಡಿರಬಹುದೆಂಬುದು ಬೆಳಗಿನ ಚಹಾದ ಹೊತ್ತಿಗೆ ಅರ್ಧ ಊರಿಗೆ ಗೊತ್ತಾಗಿರುತ್ತದೆ. ಗೊತ್ತಿದ್ದವರು ಬಾಯಿ ಬಿಡುತ್ತಾರೋ ಇಲ್ಲವೋ, ಬಿಟ್ಟರೆ ಯಾರ ಮುಂದೆ, ಎಷ್ಟು ದಿನದ ಮೇಲೆ ಎಂಬ ಪ್ರಶ್ನೆಯೇ ಓದುಗನನ್ನು ಕೊನೆಯ ಪುಟದವರೆಗೆ ಎಳೆದೊಯ್ಯುತ್ತದೆ. ಈ ಲೇಖನ ಆ ಸೆಳೆತವನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ನೆಲದಲ್ಲಿ ನಿಂತು ನೋಡುತ್ತದೆ. ಇಂಥ ಕಥೆಗಳಿಗೆ ಬೇಕಾದ ಸರಕೆಲ್ಲ ಇಲ್ಲಿದೆ. ಕನ್ನಡದ ಥ್ರಿಲ್ಲರ್ ಮಾತ್ರ ಇತ್ತ ಬಂದದ್ದು ಕಡಿಮೆ.

ನೆಲ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿ ಈ ಮೂರೂ ಊರುಗಳಿವೆ. 2011ರ ಜನಗಣತಿಯಲ್ಲಿ ಸುಮಾರು 2.3 ಲಕ್ಷ ಜನರಿದ್ದ ರಾಯಚೂರು ಜಿಲ್ಲಾ ಕೇಂದ್ರ. ಅದರ ಪಶ್ಚಿಮಕ್ಕೆ, ಕೃಷ್ಣೆಯ ಕಡೆಗೆ ದೇವದುರ್ಗ. ನೈಋತ್ಯಕ್ಕೆ, ತುಂಗಭದ್ರೆಯ ಕಡೆಗೆ ಮಾನ್ವಿ. 1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡದ್ದು ರಾಯಚೂರಿನಲ್ಲಿ. ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಕೋಟೆ, ಬಿಸಿಲು ಇಲ್ಲಿಯ ಗುರುತುಗಳು. ಮಾನ್ವಿಯಲ್ಲಿ ಕಾಲುವೆ ನೀರು, ಭತ್ತ, ರೈಸ್ ಮಿಲ್ಲು. ದೇವದುರ್ಗದ ಹೆಸರು ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬಹುಕಾಲದಿಂದ ಇದೆ. ಗುಳೆ ಹೋಗುವವರ ಗಂಟುಮೂಟೆ ಅಲ್ಲಿಯ ಬಸ್‌ ನಿಲ್ದಾಣದ ನಿತ್ಯದ ನೋಟ.

1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ಚೌಕದಲ್ಲಿ ಕನ್ನಡ, ಉರ್ದು, ತೆಲುಗು ಮೂರೂ ಕೇಳಿಸುವ ಊರಿಗೆ ಪತ್ತೇದಾರಿ ಸಾಹಿತ್ಯವೂ ಮೂರು ಬಾಗಿಲಿನಿಂದ ಬಂತು. ಇಬ್ನ್-ಎ-ಸಫಿ 1952ರಲ್ಲಿ ಅಲಹಾಬಾದಿನಿಂದ ಆರಂಭಿಸಿದ ‘ಜಾಸೂಸಿ ದುನಿಯಾ’ ಮಾಲೆ ಉರ್ದು ಓದುಗರಲ್ಲೆಲ್ಲ ಹಬ್ಬಿತ್ತು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಪತ್ತೇದಾರ ಯುಗಂಧರ, ಮುಂದೆ ಮಧುಬಾಬು ಅವರ ಶ್ಯಾಡೋ ಮನೆಮಾತಾಗಿದ್ದರು. ಕನ್ನಡದ ಪಾಲನ್ನು ಮುಂದೆ ನೋಡಬಹುದು.

ಈ ಸೀಮೆಯ ಹಳ್ಳಿಗಳ ಮನೆಕಟ್ಟು ಕೂಡ ಅಪರಾಧ ಕಥೆಗೆ ಸಂಬಂಧಪಟ್ಟ ಸಂಗತಿ. ಷರ್ಲಾಕ್ ಹೋಮ್ಸ್‌ನ ಒಂದು ಕಥೆಯಲ್ಲಿ (1892) ಹೋಮ್ಸ್ ರೈಲಿನ ಕಿಟಕಿಯಿಂದ ಹಳ್ಳಿಗಾಡನ್ನು ನೋಡುತ್ತ, ಲಂಡನ್ನಿನ ಗಲ್ಲಿಗಳಿಗಿಂತ ಈ ಒಂಟಿ ಮನೆಗಳೇ ಭಯಂಕರ, ಇಲ್ಲಿ ಕೂಗಿದರೆ ಕೇಳುವವರಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ಇಂಗ್ಲೆಂಡಿನ ಹಳ್ಳಿ ಕೊಲೆಗಳ ಇಡೀ ಪರಂಪರೆ ಆ ಒಂಟಿ ಮನೆಯ ಮೇಲೆ ನಿಂತಿದೆ. ದೋಆಬಿನ ಹಳ್ಳಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತದೆ. ಮಣ್ಣಿನ ಮಾಳಿಗೆಯಿಂದ ಮಾಳಿಗೆಗೆ ದಾಟಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಗಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುತ್ತದೆ. ನಡುರಾತ್ರಿ ಬೈಕಿನ ಸದ್ದಾದರೆ ಅದು ಯಾರ ಬೈಕೆಂದು ಕಣ್ಣು ಬಿಡದೆ ಹೇಳುವವರಿರುತ್ತಾರೆ. ಇಂಥ ಕಡೆ ಗುಟ್ಟಾಗಿ ಕೊಲೆ ನಡೆಯುವುದೇ ಕಷ್ಟ. ನಡೆದದ್ದು ಗುಟ್ಟಾಗಿ ಉಳಿಯುವುದು ಕಷ್ಟವೇನಲ್ಲ. ಥ್ರಿಲ್ಲರ್ ಬರೆಯುವವನಿಗೆ ಬೇಕಾದದ್ದು ಈ ವಿಚಿತ್ರವೇ.

ಹಳೆಯ ಎಳೆಗಳು

ಇಂಗ್ಲಿಷ್ ಅಪರಾಧ ಕಾದಂಬರಿಯ ಒಂದು ಬೇರು ಈ ಸೀಮೆಯ ನೆರೆಗೇ ಬಂದು ಮುಟ್ಟುತ್ತದೆ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರ ಸಂಸ್ಥಾನದಲ್ಲಿ, ದೊರೆ ಇನ್ನೂ ಎಳೆಯನಾಗಿದ್ದಾಗ, 1840ರ ದಶಕದಲ್ಲಿ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್ (1808-1876). ಅವನ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ನಿಜಾಮರ ಸೇವೆಯಲ್ಲಿ ಪೊಲೀಸ್ ಕೆಲಸವನ್ನೂ ಮಾಡಿದ್ದ ಟೇಲರ್, ಸುರಪುರಕ್ಕೆ ಬರುವ ಮೊದಲೇ 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಅದರ ನಾಯಕ ಅಮೀರ್ ಅಲಿ ದಾರಿಹೋಕರ ಕೊರಳಿಗೆ ರುಮಾಲು ಬಿಗಿಯುವ ಕಸಬಿನವನು. ಕಸಬು ನಡೆಯುವುದು ದೂರದ ಹಾದಿಗಳಲ್ಲಿ. ತಮ್ಮ ಊರಿಗೆ ಮರಳಿದರೆ ಠಕ್ಕರು ಗೌರವಸ್ಥರು, ವ್ಯಾಪಾರಸ್ಥರು. ಊರಿನ ಹಿರಿಯರಿಗೆ, ಜಮೀನ್ದಾರರಿಗೆ ಅವರ ಗಳಿಕೆಯ ಮೂಲ ಗೊತ್ತಿದ್ದು, ಪಾಲು ಪಡೆದು ಸುಮ್ಮನಿರುತ್ತಾರೆ. ಟೇಲರ್ ಬಿಳಿಯರ ಆಡಳಿತದ ಕಣ್ಣಿನಿಂದಲೇ ಬರೆದವನು, ಅವನ ಠಕ್ಕರ ಚಿತ್ರವನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಗೌರವಸ್ಥನ ಮುಖ, ಗೊತ್ತಿದ್ದೂ ಗೊತ್ತಿಲ್ಲದ ಊರು ಎರಡೂ ಅವನಲ್ಲಿ ಆಗಲೇ ಸಿದ್ಧವಾಗಿದ್ದವು ಎಂಬುದು ಮುಖ್ಯ.

ಕನ್ನಡದ್ದೇ ಆದ ಎಳೆ ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಕೊಲೆಯೊಂದನ್ನು ಆಧರಿಸಿದ ಈ ಸಣ್ಣಾಟವನ್ನು ಉತ್ತರ ಕರ್ನಾಟಕದ ಹಳ್ಳಿಗಳು ತಲೆಮಾರುಗಳಿಂದ ಆಡಿಸಿವೆ; ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಓದುಗರಿಗೆ ಒದಗಿಸಿದರು. ಸಿರಿವಂತ ಸಂಗ್ಯಾ, ಪರರ ಹೆಂಡತಿ ಗಂಗಿ, ಜೀವದ ಗೆಳೆಯ ಬಾಳ್ಯಾ. ಗೆಳೆಯನೇ ಆಸೆಗೆ ಬಿದ್ದು ಹಿಡಿದುಕೊಡುತ್ತಾನೆ. ಆಟ ಶುರುವಾಗುವ ಮೊದಲೇ ಸಂಗ್ಯಾ ಸಾಯುತ್ತಾನೆಂದು ನೋಡುವವರಿಗೆಲ್ಲ ಗೊತ್ತು. ಆದರೂ ಬೆಳತನಕ ಕೂತು ನೋಡುತ್ತಾರೆ, ಬಾಳ್ಯಾನ ಬಾಯಿಂದ ಆ ಮಾತು ಯಾವಾಗ ಬೀಳುತ್ತದೆ ಎಂದು. ಪತ್ತೇದಾರನಿಲ್ಲದ ಕ್ರೈಂ ಥ್ರಿಲ್ಲರ್ ಇಲ್ಲಿಯವರಿಗೆ ಹೊಸತೇನಲ್ಲ.

ಪುಸ್ತಕ, ವಾರಪತ್ರಿಕೆ, ಟ್ಯಾಬ್ಲಾಯ್ಡ್

ಕನ್ನಡದ ಜನಪ್ರಿಯ ಪತ್ತೇದಾರಿ ಕಾದಂಬರಿಯನ್ನು ಕಟ್ಟಿದವರಲ್ಲಿ ಮೊದಲ ಹೆಸರು ಎನ್. ನರಸಿಂಹಯ್ಯ ಅವರದು. ನಾಲ್ಕನೆಯ ತರಗತಿವರೆಗೆ ಓದಿದ್ದ ಅವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬರೆದು, 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಕಾದಂಬರಿಗಳ ಲೇಖಕರಾಗಿದ್ದರು. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿಕಾರರು. ನವೆಂಬರ್ ತಿಂಗಳಲ್ಲಿ ಬಾವುಟ ಹಾರಿಸುವವರಲ್ಲಿ ಎಷ್ಟೋ ಜನರಿಗೆ ಇದು ತಿಳಿದಿರುವುದಿಲ್ಲ. ಈ ತಲೆಮಾರಿನ ಪುಸ್ತಕಗಳು ಬಸ್‌ ನಿಲ್ದಾಣದ ಪುಸ್ತಕದಂಗಡಿ, ದಿನಬಾಡಿಗೆಯ ಲೈಬ್ರರಿಗಳ ಮೂಲಕ ಕೈಯಿಂದ ಕೈಗೆ ದಾಟಿದವು. ಕಥೆ ಮಾತ್ರ ಬಹುಪಾಲು ಬೆಂಗಳೂರಿನದು: ಬಂಗಲೆ, ಟೆಲಿಫೋನು, ಕಾರು, ಹ್ಯಾಟು. ಸಣ್ಣ ಊರಿನ ಓದುಗ ತಾನು ಕಾಣದ ನಗರವನ್ನು ಆ ಪುಟಗಳಲ್ಲಿ ಕಂಡ. ಸಣ್ಣ ಊರು ಆಗ ಕಥೆಯ ಗಿರಾಕಿಯಾಗಿತ್ತು, ಕಥೆಯ ಸ್ಥಳವಾಗಿರಲಿಲ್ಲ.

ವಾರಪತ್ರಿಕೆಗಳ ಧಾರಾವಾಹಿಗಳು ಇದನ್ನು ಮುಂದುವರಿಸಿದವು. ‘ಬಂಗಾರದ ಮನುಷ್ಯ’ ಬರೆದ ಟಿ.ಕೆ. ರಾಮರಾವ್ ಅವರೇ ನಿಗೂಢ ಕಾದಂಬರಿಗಳಿಗೂ ಹೆಸರಾದವರು. ಎಚ್.ಕೆ. ಅನಂತರಾವ್ ಅವರ ‘ಅಂತ’ ಸುಧಾ ವಾರಪತ್ರಿಕೆಯಲ್ಲಿ ಬಂದು 1981ರಲ್ಲಿ ಸಿನಿಮಾ ಆಯಿತು. ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಕನ್ನಡಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಹೆದರಿಸಿಕೊಳ್ಳುವುದೇ ಒಂದು ಚಟವಾಯಿತು.

ಊರನ್ನೇ ಕಥೆಯ ನಡುವೆ ತಂದು ನಿಲ್ಲಿಸಿದ್ದು ಪತ್ರಿಕೋದ್ಯಮ. ಬಳ್ಳಾರಿಯಲ್ಲಿ ಹುಟ್ಟಿದ ರವಿ ಬೆಳಗೆರೆ (1958-2020) 1995ರಲ್ಲಿ ಆರಂಭಿಸಿದ ‘ಹಾಯ್ ಬೆಂಗಳೂರ್!’ ಹೆಸರಿಗೆ ರಾಜಧಾನಿಯದಾದರೂ ಜಿಲ್ಲೆ ಜಿಲ್ಲೆಯ ಕೊಲೆಗಳನ್ನು ಹೆಸರು, ಓಣಿ, ಜಾತಿ, ಹೊಲದ ಗಡಿ ಸಮೇತ ಬರೆಯಿತು. ಅವರ ‘ಭೀಮಾ ತೀರದ ಹಂತಕರು’ ವಿಜಯಪುರ ಸೀಮೆಯ ಮನೆತನಗಳ ದ್ವೇಷವನ್ನು ರಾಜ್ಯದ ಮಾತಾಗಿಸಿತು. 2012ರಲ್ಲಿ ‘ಭೀಮಾ ತೀರದಲ್ಲಿ’ ಚಿತ್ರ ಬಂದಾಗ, ಆ ಕಥೆ ಯಾರ ಸ್ವತ್ತು ಎಂಬುದಕ್ಕೇ ಜಗಳವಾಯಿತು. ಭೀಮೆ ಕೃಷ್ಣೆಯನ್ನು ಸೇರುವುದು ರಾಯಚೂರಿನ ಉತ್ತರಕ್ಕೆ, ಸ್ವಲ್ಪವೇ ದೂರದಲ್ಲಿ. ಆದರೆ ‘ಭೀಮಾ ತೀರ’ ಎಂಬ ಮಾತಿಗೆ ಅಂಟಿದ ರಕ್ತದ ಬಣ್ಣ ಸಂಗಮದವರೆಗೂ ಹರಿದು ಬಂದು, ಕಲ್ಯಾಣ ಕರ್ನಾಟಕವೆಂದರೆ ಮಚ್ಚು-ಬಂದೂಕು ಎಂಬ ಸೋಮಾರಿ ಕಲ್ಪನೆಯನ್ನು ಬೆಂಗಳೂರಿನ ಪ್ರೇಕ್ಷಕರಲ್ಲಿ ಊರಿತು. ಟಿವಿಯ ಕ್ರೈಂ ಕಾರ್ಯಕ್ರಮಗಳು ಅದಕ್ಕೆ ಹಿನ್ನೆಲೆ ಸಂಗೀತ ಸೇರಿಸಿದವು.

ರಾಯಚೂರಿನದೇ ಪತ್ರಿಕೆಗಳಾದ ‘ಸುದ್ದಿಮೂಲ’, ‘ರಾಯಚೂರು ವಾಣಿ’ಗಳ ಅಪರಾಧ ಸುದ್ದಿಯ ರೀತಿ ಬೇರೆ. ಊರಿನ ಪತ್ರಿಕೆಗೆ ಸತ್ತವನ ಸಂಬಂಧಿಕರೂ ಓದುಗರು, ಹಿಡಿಸಿಕೊಂಡವನ ಸಂಬಂಧಿಕರೂ ಓದುಗರು. ಅಲ್ಲಿ ನಾಲ್ಕು ಸಾಲಿನ ಸುದ್ದಿ ಸಾಕು, ಉಳಿದದ್ದನ್ನು ಚಹಾದಂಗಡಿ ತುಂಬಿಕೊಳ್ಳುತ್ತದೆ.

ಮಂಜು ಮತ್ತು ಮಳೆಯ ಒಲವು

ಕನ್ನಡದಲ್ಲಿ ಸಣ್ಣ ಊರಿನ ಥ್ರಿಲ್ಲರಿಗೆ ಸಾಹಿತ್ಯದ ಘನತೆ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಿಂದ (1985, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1987). ಕೆಸರೂರು ಎಂಬ ಮಲೆನಾಡಿನ ಊರಿಗೆ ಏಲಕ್ಕಿ ಬೆಳೆಯ ಕುಸಿತ ಮತ್ತು ವಿಜ್ಞಾನಿ ಜೋಗಿಹಾಳರ ಸಾವಿನ ಜಾಡು ಹಿಡಿದು ಅಂಗಾಡಿ ಎಂಬ ಅಧಿಕಾರಿ ಬರುತ್ತಾನೆ. ಪುಟ ಮಗುಚಿದಂತೆ ಕೊಲೆಯ ಪ್ರಶ್ನೆ ಹಿಂದೆ ಸರಿದು, ಊರಿನ ಜಾತಿ, ಮತ, ಲಂಟಾನ, ಗಾಳಿಸುದ್ದಿಗಳು ಮುಂದೆ ಬರುತ್ತವೆ. ಅಪರಾಧಿಯನ್ನು ಹುಡುಕಲು ಬಂದವನಿಗೆ ಇಡೀ ಊರೇ ಹೊತ್ತಿಕೊಳ್ಳಲು ಕಾದಿರುವುದು ಕಾಣುವುದಿಲ್ಲ. ‘ಜುಗಾರಿ ಕ್ರಾಸ್’ ಇದೇ ದಾರಿಯ ಇನ್ನೂ ವೇಗದ ಕಾದಂಬರಿ.

ಸಿನಿಮಾದಲ್ಲಿ ಕಾಶಿನಾಥ್ ಅವರ ‘ಅಪರಿಚಿತ’ (1978) ಹಳ್ಳಿಯನ್ನೇ ಸಂಶಯದ ಗೂಡಾಗಿಸಿತ್ತು. ಬಹಳ ವರ್ಷಗಳ ಬಿಡುವಿನ ಮೇಲೆ ಮಲ್ಪೆಯ ‘ಉಳಿದವರು ಕಂಡಂತೆ’ (2014), ಕಮರೊಟ್ಟು ಎಂಬ ಕಲ್ಪಿತ ಹಳ್ಳಿಯ ‘ರಂಗಿತರಂಗ’ (2015), ಟಿ.ಕೆ. ದಯಾನಂದ್ ಕಥೆಯ ‘ಬೆಲ್ ಬಾಟಂ’ (2019), ಮಂಗಳೂರಿನ ‘ಗರುಡ ಗಮನ ವೃಷಭ ವಾಹನ’ (2021), ರಂಗಾಯಣ ರಘು ಹೋಟೆಲ್ ಭಟ್ಟರಾಗಿ ನಟಿಸಿದ ‘ಶಾಖಾಹಾರಿ’ (2024) ಬಂದವು. ವೆಬ್ ಸರಣಿಗಳಲ್ಲಿ ‘ಏಕಂ’ ಕರಾವಳಿಯದು, ‘ಅಯ್ಯನ ಮನೆ’ ಮಲೆನಾಡಿನದು. ‘ಶಾಖಾಹಾರಿ’ಯ ಯೋಚನೆ ಸೊಗಸಾದದ್ದು: ಪೊಲೀಸರಿಂದ ತಪ್ಪಿಸಿಕೊಂಡ ಆರೋಪಿಯೊಬ್ಬ ಮಡಿವಂತ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಗೆ ಬಂದು ಸೇರುತ್ತಾನೆ. ಊರಿಗೆಲ್ಲ ಬಡಿಸುವ ಕೈಯ ಮೇಲೆ ಯಾರಿಗೆ ಅನುಮಾನ ಬಂದೀತು?

ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕನ್ನಡದ ಥ್ರಿಲ್ಲರಿಗೆ ಮಳೆ ಬೇಕು, ಮಂಜು ಬೇಕು, ಹಿನ್ನೆಲೆಗೆ ಯಕ್ಷಗಾನದ ಚೆಂಡೆ ಅಥವಾ ಭೂತಕೋಲದ ದೊಂದಿ ಬೇಕು. ನೋಡಲು ಚೆನ್ನ ಎಂಬುದು ನಿಜ. ನಿರ್ದೇಶಕರಲ್ಲಿ ಹಲವರು ಆ ಕಡೆಯವರೇ ಎಂಬುದೂ ನಿಜ. ಆದರೆ ನಿಗೂಢತೆ ಕತ್ತಲಲ್ಲೇ ಇರುತ್ತದೆಂಬ ನಂಬಿಕೆಯೂ ಇದರ ಹಿಂದಿದೆ, ಅದಕ್ಕೆ ಆಧಾರ ಸಾಲದು. ಮಧ್ಯಾಹ್ನ ಎರಡರ ಬಿಸಿಲಿಗೆ ದೇವದುರ್ಗದ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಅಂಗಡಿಗಳ ಶೆಟರ್ ಅರ್ಧ ಇಳಿದಿರುತ್ತದೆ, ಒಳಗೆ ಫ್ಯಾನಿನ ಕೆಳಗೆ ಮಲಗಿದವನಿಗೆ ಬೀದಿಯಲ್ಲಿ ಹೋದವರ ಕಾಲುಗಳಷ್ಟೇ ಕಾಣುತ್ತವೆ. ರಾಜಸ್ಥಾನದ ಬಯಲಿನಲ್ಲಿ, ಪಂಜಾಬಿನ ಗೋಧಿ ಹೊಲದಲ್ಲಿ ಹಿಂದಿ ಸರಣಿಗಳು ಕಂಡುಕೊಂಡ ಭಯವನ್ನು ಕನ್ನಡ ತನ್ನ ಎರೆಹೊಲದಲ್ಲಿ ಇನ್ನೂ ಹುಡುಕಬೇಕಾಗಿದೆ.

ಊರೇ ಸಾಕ್ಷಿ

ಈ ಪ್ರಕಾರದ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ‘ದೃಶ್ಯ’ (2014) ಸಾಕು. ಜೀತು ಜೋಸೆಫ್ ಅವರ ಮಲಯಾಳಂ ‘ದೃಶ್ಯಂ’ (2013) ಚಿತ್ರವನ್ನು ಪಿ. ವಾಸು ಕನ್ನಡಕ್ಕೆ ತಂದರು. ಕೇಬಲ್ ಆಪರೇಟರ್ ರಾಜೇಂದ್ರ ಪೊನ್ನಪ್ಪನಾಗಿ ರವಿಚಂದ್ರನ್ ನಟಿಸಿದರು. ಕೊಲೆ ಯಾರಿಂದ ಆಯಿತು, ಯಾಕೆ ಆಯಿತು ಎಂಬುದನ್ನು ಪ್ರೇಕ್ಷಕ ಮೊದಲರ್ಧದಲ್ಲೇ ನೋಡಿಬಿಡುತ್ತಾನೆ. ಉಳಿದ 90 ನಿಮಿಷ ಒಂದೇ ಪ್ರಶ್ನೆ: ಬಸ್ ಕಂಡಕ್ಟರ್, ಲಾಡ್ಜಿನವನು, ಹೋಟೆಲಿನವನು, ಟಾಕೀಸಿನ ಪ್ರೊಜೆಕ್ಟರ್ ಆಪರೇಟರ್ ಪೊಲೀಸರಿಗೆ ಯಾವ ತಾರೀಖು ಹೇಳುತ್ತಾರೆ? ನಾಯಕ ಯಾರಿಗೂ ದುಡ್ಡು ಕೊಡುವುದಿಲ್ಲ, ಯಾರನ್ನೂ ಹೆದರಿಸುವುದಿಲ್ಲ. ಮತ್ತೆ ಹೋಗಿ ಅವರನ್ನು ಭೇಟಿಯಾಗಿ, ಮಾತಿನ ನಡುವೆ ತಾರೀಖನ್ನು ಜಾರಿಸಿ ಬರುತ್ತಾನೆ. ಸಾಕ್ಷಿಗಳು ಸುಳ್ಳು ಹೇಳುವುದಿಲ್ಲ, ನಂಬಿದ್ದನ್ನು ಹೇಳುತ್ತಾರೆ. ಬೆಂಗಳೂರಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಕಂಡಕ್ಟರಿಗೆ ಪ್ರಯಾಣಿಕನ ಮುಖ ನೆನಪಿರುವುದಿಲ್ಲ. ಮುಖ ನೆನಪಿರುವ ಊರಿನಲ್ಲಿ ಮಾತ್ರ ನೆನಪನ್ನು ತಿದ್ದಲು ಸಾಧ್ಯ.

ನಿಜದ ನ್ಯಾಯಾಲಯದಲ್ಲೂ ಸಣ್ಣ ಊರಿನ ಪ್ರಕರಣ ನಿಲ್ಲುವುದು, ಬೀಳುವುದು ಸಾಕ್ಷಿಗಳಿಂದಲೇ. ಅನುಮಾನದ ಹೆಣ ಸಿಕ್ಕರೆ ಠಾಣೆಯಲ್ಲಿ ಮೊದಲು ಬರೆಯುವುದು ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಶವ ಪಂಚನಾಮೆಗೆ ಊರಿನವರನ್ನೇ ಪಂಚರಾಗಿ ಕರೆಯುತ್ತಾರೆ. ಮರಣೋತ್ತರ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ರಾಯಚೂರಿನ ರಿಮ್ಸ್‌ನಲ್ಲಿ. ಒಳಾಂಗದ ಮಾದರಿ ಕಲಬುರಗಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಯುಡಿಆರ್ ಕೊಲೆ ಪ್ರಕರಣವಾಗಿ ಬದಲಾದರೆ ಮಾನ್ವಿ, ದೇವದುರ್ಗದ ನ್ಯಾಯಾಲಯಗಳಿಂದ ಅದು ರಾಯಚೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಬರುತ್ತದೆ. ಸಾಕ್ಷಿ ಹೇಳುವ ದಿನ ಬರುವ ಹೊತ್ತಿಗೆ ವರ್ಷಗಳಾಗಿರುತ್ತವೆ. ದೇವದುರ್ಗದಿಂದ ರಾಯಚೂರಿಗೆ ಸಾಕ್ಷಿ ಹತ್ತುವ ಬೆಳಗಿನ ಬಸ್ಸಿಗೇ ಜಾಮೀನಿನ ಮೇಲಿರುವ ಆರೋಪಿಯೂ ಹತ್ತಬಹುದು. ‘ಏನ್ ಮಾವ, ಆರಾಮ ಅದಿ?’ ಎಂದು ಅವನು ಕೇಳಿದರೆ ಮಾವ ಏನು ಹೇಳಬೇಕು? ಆ ಮಾತಿನಲ್ಲಿ ಬೆದರಿಕೆ ಇತ್ತೆಂದು ಯಾವ ವಕೀಲರೂ ರುಜುವಾತು ಮಾಡಲಾರರು. ಸಾಕ್ಷಿ ಉಲ್ಟಾ ಹೊಡೆದ ಎಂದು ಮರುದಿನ ಪೇಪರಿನಲ್ಲಿ ಬರುತ್ತದೆ. ಆ ಎರಡು ಗಂಟೆಯ ಬಸ್ ಪ್ರಯಾಣ ಒಂದು ಸಿನಿಮಾಕ್ಕೆ ಸಾಕು, ಅದನ್ನು ಯಾರೂ ಮಾಡಿಲ್ಲ ಎಂಬುದು ಆಶ್ಚರ್ಯ.

ಇನ್ನೊಂದು ಸಣ್ಣ ಬದಲಾವಣೆಯನ್ನೂ ದಾಖಲಿಸಬೇಕು. ಸಿನಿಮಾಗಳು ದಶಕಗಳ ಕಾಲ ಕೊಲೆ ಎಂಬುದಕ್ಕೆ ಪರ್ಯಾಯ ಪದವಾಗಿ ಬಳಸಿದ ‘ತ್ರೀ ನಾಟ್ ಟು’, ಐಪಿಸಿ 302, 2024ರ ಜುಲೈ 1ರಿಂದ ಹೊಸ ಪ್ರಕರಣಗಳಿಗೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 103. ಊರಿನ ಬಾಯಲ್ಲಿ ಮಾತ್ರ 302 ಇನ್ನೂ ನಡೆದಿದೆ.

ಈರ್ಯಾನ ಕನಸು

ಈ ಸೀಮೆಯಿಂದ ಬಂದ ಅತ್ಯುತ್ತಮ ಥ್ರಿಲ್ಲರನ್ನು ಯಾರೂ ಥ್ರಿಲ್ಲರ್ ಎಂದು ಕರೆದಿಲ್ಲ. ಮಾನ್ವಿ ತಾಲ್ಲೂಕಿನ ನುಗಡೋಣಿಯವರಾದ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ‘ಕನಸೆಂಬೋ ಕುದುರೆಯನೇರಿ’ ಚಿತ್ರ ಮಾಡಿದರು. 2009ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಈರ್ಯಾ ಊರಿನ ಹೆಣಗಳಿಗೆ ಕುಣಿ ತೋಡುವವನು. ಅವನ ಕನಸಿನಲ್ಲಿ ಸಿದ್ಧ ಬಂದರೆ ಊರಿನಲ್ಲಿ ಒಂದು ಸಾವು ಖಾತ್ರಿ ಎಂಬುದು ಅವನ ನಂಬಿಕೆ. ಒಂದು ದಿನ ಕನಸು ಬೀಳುತ್ತದೆ. ಹಾಸಿಗೆ ಹಿಡಿದ ಗೌಡನೇ ಹೋಗಿರಬೇಕೆಂದು ಈರ್ಯಾ ಗೌಡರ ಮನೆಗೆ ಹೋದರೆ, ಗೌಡರು ಚೆನ್ನಾಗಿದ್ದಾರೆ ಎಂದು ಹೇಳಿ ಕಳಿಸುತ್ತಾರೆ. ಕನಸು ಸುಳ್ಳಾಯಿತೆಂದು ಅವನ ಬದುಕಿನ ಬುಡವೇ ಅಲ್ಲಾಡುತ್ತದೆ. ಆಮೇಲೆ ಚಿತ್ರ ಹಿಂದಕ್ಕೆ ಹೋಗಿ ಅದೇ ದಿನಗಳನ್ನು ಗೌಡರ ಮನೆಯ ಒಳಗಿನಿಂದ ತೋರಿಸುತ್ತದೆ. ಗೌಡ ಸತ್ತಿದ್ದಾನೆ, ಮನೆಯವರು ತಮ್ಮ ಲಾಭ-ನಷ್ಟದ ಲೆಕ್ಕಕ್ಕೆ ಸಾವನ್ನು ಬಚ್ಚಿಟ್ಟಿದ್ದಾರೆ.

ಇಲ್ಲಿ ಹೆಣವಿದೆ, ಬಚ್ಚಿಟ್ಟವರಿದ್ದಾರೆ, ಸುಳಿವು ಹಿಡಿದು ಬಾಗಿಲಿಗೆ ಬಂದವನಿದ್ದಾನೆ. ಪತ್ತೇದಾರಿ ಕಥೆಗೆ ಬೇಕಾದದ್ದೆಲ್ಲ ಇದೆ. ಇಲ್ಲದ್ದು ಬಾಗಿಲು ತೆರೆಸುವ ಅಧಿಕಾರ ಒಂದೇ. ಕುಣಿ ತೋಡುವವನು ಗೌಡರ ಮನೆಯ ಅಂಗಳ ದಾಟಲಾರ. ಗೊತ್ತಿದ್ದೂ ಕೇಳಲಾಗದ ಸ್ಥಿತಿಯನ್ನು ಇಷ್ಟು ನಿಖರವಾಗಿ ಹೇಳಿದ ಕನ್ನಡ ಚಿತ್ರ ಇನ್ನೊಂದು ಸಿಗುವುದು ಕಷ್ಟ. ಈರ್ಯಾನ ಪಾತ್ರ ಮಾಡಿದ ವೈಜನಾಥ ಬಿರಾದಾರ ಅದಕ್ಕೂ ಮೊದಲು ನೂರಾರು ಚಿತ್ರಗಳಲ್ಲಿ ಹಾಸ್ಯದ ಸಣ್ಣ ಪಾತ್ರಗಳಿಗೆ ಸೀಮಿತರಾಗಿದ್ದರು. ಮಾನ್ವಿ ಕಡೆಯವರೇ ಆದ ರಾಜಶೇಖರ ನೀರಮಾನ್ವಿ, ರಾಯಚೂರಿನ ಶಾಂತರಸ ಇವರ ಕಥೆಗಳನ್ನೂ ಈ ಕಣ್ಣಿನಿಂದ ಓದಬಹುದು. ವಾಡೆಯ ಒಳಗಿನ ಮೌನ ಇಲ್ಲಿಯ ಕಥೆಗಾರರಿಗೆ ಪತ್ತೇದಾರನ ನೆರವಿಲ್ಲದೆಯೂ ಸಿಕ್ಕ ವಸ್ತು.

ಕಡತದಲ್ಲಿರುವ ಕಥೆಗಳು

ಈ ತಾಲ್ಲೂಕುಗಳ ನಿಜದ ಅಪರಾಧಗಳಲ್ಲಿ ಒಂಟಿ ಕೊಲೆಗಾರನಿಗಿಂತ ಕೂಡುದಂಧೆಯದೇ ದೊಡ್ಡ ಪಾಲು. ಕೃಷ್ಣೆಯ ದಂಡೆಯ ದೇವದುರ್ಗದಲ್ಲಿ, ತುಂಗಭದ್ರೆಯ ದಂಡೆಯ ಮಾನ್ವಿಯಲ್ಲಿ ಅಕ್ರಮ ಮರಳು ಸಾಗಣೆ ವರ್ಷಗಳಿಂದ ಸುದ್ದಿಯಲ್ಲಿದೆ. ರಾತ್ರಿ ಹೋಗುವ ಟಿಪ್ಪರ್ ಯಾರದು, ಚೆಕ್‌ಪೋಸ್ಟಿನಲ್ಲಿ ಅದು ನಿಲ್ಲುವುದೇಕಿಲ್ಲ ಎಂಬುದು ದಾರಿ ಬದಿಯ ಹಳ್ಳಿಗಳಿಗೆ ತಿಳಿಯದ ವಿಷಯವಲ್ಲ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರ ಮೇಲೆ ಲಾರಿ ಹರಿದು ಅವರು ಸತ್ತರು. ಕಂದಾಯ ಇಲಾಖೆಯ ಕೆಳಗಿನ ಮೆಟ್ಟಿಲಿನ ನೌಕರನೊಬ್ಬ ದಂಧೆಯ ಎದುರು ನಿಂತ ಆ ಗಳಿಗೆ ರಾಜ್ಯಮಟ್ಟದ ಸುದ್ದಿಯಾಯಿತು, ಕಥೆಯಾಗಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರಿನ ಹೊಲಗಳಿಗೆ ನೀರು ತಲುಪುವ ಮೊದಲೇ ಮೇಲ್ಭಾಗದಲ್ಲಿ ಪಂಪ್ ಹಚ್ಚಿ ಎತ್ತುವುದು ಪ್ರತಿ ಬೇಸಿಗೆಯ ತಕರಾರು. ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದ ಉದಾಹರಣೆಗಳಿವೆ. ಗಡಿಯಾಚೆಯಿಂದ ಬರುವ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್) ಬೆರೆಸಿದ ಕಲಬೆರಕೆ ಸೇಂದಿ ರಾಯಚೂರು ನಗರದ ಬಡ ಓಣಿಗಳ ಹಳೆಯ ಪಿಡುಗು. ಮಟಕಾ, ಕ್ರಿಕೆಟ್ ಬೆಟ್ಟಿಂಗ್ ಎಲ್ಲ ಊರಿನಲ್ಲೂ ಇರುವಂಥವು. ಮರಳು, ನೀರು, ಸೇಂದಿ ಮೂರರಲ್ಲೂ ಅಪರಾಧಿಯ ವಿಳಾಸ ಎಲ್ಲರಿಗೂ ಗೊತ್ತು, ಹೇಳುವ ಜಾಗ ಯಾರಿಗೂ ಗೊತ್ತಿಲ್ಲ.

ಕರ್ನಾಟಕದ ನಿಜಘಟನೆಯೊಂದು ಬೇರೆ ರಾಜ್ಯದ ಸಣ್ಣ ಊರಾಗಿ ತೆರೆಗೆ ಬಂದದ್ದೂ ಇದೆ. ‘ಸಯನೈಡ್ ಮೋಹನ್’ ಎಂದು ಪತ್ರಿಕೆಗಳು ಕರೆದ ಪ್ರಾಥಮಿಕ ಶಾಲಾ ಶಿಕ್ಷಕ 2009ರಲ್ಲಿ ಸಿಕ್ಕಿಬಿದ್ದ. ವರದಕ್ಷಿಣೆ ಇಲ್ಲದೆ ಮದುವೆಯಾಗುತ್ತೇನೆಂದು ದಕ್ಷಿಣ ಕನ್ನಡ ಕಡೆಯ ಬಡ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ದು, ಲಾಡ್ಜಿನಲ್ಲಿ ತಂಗಿ, ಮರುದಿನ ಬಸ್‌ ನಿಲ್ದಾಣದಲ್ಲಿ ಮಾತ್ರೆಯ ನೆಪದಲ್ಲಿ ಸಯನೈಡ್ ಕೊಡುತ್ತಿದ್ದ. ಶೌಚಾಲಯದಲ್ಲಿ ಸಿಕ್ಕ ಹೆಣಗಳು ಮೈಸೂರು, ಹಾಸನ, ಮಡಿಕೇರಿಯಂಥ ಬೇರೆ ಬೇರೆ ಊರುಗಳ ಕಡತ ಸೇರಿದವು. ಹುಡುಗಿ ಯಾರೊಡನೆಯೋ ಓಡಿಹೋದಳೆಂದು ಮರ್ಯಾದೆಗೆ ಅಂಜಿದ ಮನೆಯವರು ಠಾಣೆ ಹತ್ತಲು ಹಿಂಜರಿದರು. ಅವನನ್ನು ಅಷ್ಟು ವರ್ಷ ಕಾಯ್ದದ್ದು ವಿಷಕ್ಕಿಂತ ಹೆಚ್ಚಾಗಿ ಆ ಹಿಂಜರಿಕೆ. 2023ರ ಹಿಂದಿ ಸರಣಿ ‘ದಹಾಡ್’ ಈ ಪ್ರಕರಣದಿಂದ ಪ್ರೇರಿತವೆಂದು ಹೆಸರಾಯಿತು. ಕಥೆ ರಾಜಸ್ಥಾನಕ್ಕೆ ಹೋಗಿತ್ತು, ತನಿಖೆ ಮಾಡುವವಳು ಜಾತಿಯ ಅವಮಾನ ಉಂಡ ಮಹಿಳಾ ಎಸ್‌ಐ ಆಗಿದ್ದಳು.

ನಿಜಘಟನೆಯ ಬಳಕೆಗೆ ಇನ್ನೊಂದು ಮುಖವಿದೆ. ಹೊಸಕೋಟೆ ಹತ್ತಿರದ ಹಳ್ಳಿಯೊಂದರ ಹೆಸರನ್ನೇ ಇಟ್ಟುಕೊಂಡ ‘ದಂಡುಪಾಳ್ಯ’ (2012) ಹಣ ಮಾಡಿತು, ಆ ಊರಿನ ಹೆಸರು ಹೇಳಲು ಊರಿನವರೇ ಮುಜುಗರಪಡುವಂತಾಯಿತು. ಸಣ್ಣ ಊರಿಗೆ ಒಂದು ಕೊಲೆಯ ಹೆಸರು ಅಂಟಿದರೆ ಬಿಡುವುದಿಲ್ಲ.

ಸೆಳೆತ

ಓದುಗನನ್ನು ಇದು ಹಿಡಿಯುವುದೇಕೆ ಎಂಬುದಕ್ಕೆ ಹೊರಗಿನವರು ಕೊಟ್ಟ ಉತ್ತರಗಳಲ್ಲಿ ಕವಿ ಡಬ್ಲ್ಯು.ಎಚ್. ಆಡನ್ 1948ರ ಪ್ರಬಂಧದಲ್ಲಿ ಹೇಳಿದ್ದು ಪ್ರಸಿದ್ಧ: ಪತ್ತೇದಾರಿ ಕಥೆಗೆ ಮುಚ್ಚಿದ ಸಮಾಜವೊಂದು ಬೇಕು, ಅದು ನಿರ್ಮಲವಾಗಿ ಕಾಣಬೇಕು, ಕೊಲೆ ಆ ನೈರ್ಮಲ್ಯವನ್ನು ಕೆಡಿಸಬೇಕು, ಕೊನೆಗೆ ಅಪರಾಧಿಯನ್ನು ಹೊರಹಾಕಿ ಎಲ್ಲ ಮೊದಲಿನಂತಾಗಬೇಕು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಬಾಳುವ ಹಳ್ಳಿಗೆ ಈ ಮಾತು ಹೊಂದುತ್ತದೆ. ನಮ್ಮ ತಾಲ್ಲೂಕಿಗೆ ಹೊಂದುವುದಿಲ್ಲ. ಇಲ್ಲಿ ಯಾರೂ ಊರನ್ನು ನಿರ್ಮಲವೆಂದು ತಿಳಿದು ಕಥೆಗೆ ಕೂರುವುದಿಲ್ಲ. ಅಪರಾಧಿ ಸಿಕ್ಕ ಮೇಲೂ ಅವನ ಅಣ್ಣತಮ್ಮಂದಿರು ಅದೇ ಓಣಿಯಲ್ಲಿರುತ್ತಾರೆ, ಮೊಹರಮ್ಮಿನ ಕೆಂಡಕ್ಕೆ, ಜಾತ್ರೆಯ ತೇರಿಗೆ ಅದೇ ಜನ ಮತ್ತೆ ಸೇರಬೇಕು. ನಮ್ಮ ಓದುಗನಿಗೆ ಸಿಗುವ ಸುಖ, ತಾನು ಬಾಯಿ ಬಿಡದೆ ನುಂಗಿಕೊಂಡದ್ದನ್ನು ಇನ್ಯಾರೋ ಪುಸ್ತಕದಲ್ಲಿ, ತೆರೆಯ ಮೇಲೆ ಹೇಳಿಬಿಟ್ಟರಲ್ಲ ಎಂಬುದು. ಅದಕ್ಕೇ ಕೊಲೆಗಾರನ ಬಂಧನಕ್ಕಿಂತ, ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಮುದುಕಿಯೊಬ್ಬಳು ‘ನಾ ಕಂಡೀನ್ರಿ’ ಎನ್ನುವ ದೃಶ್ಯಕ್ಕೆ ಟಾಕೀಸಿನಲ್ಲಿ ಹೆಚ್ಚು ಸಿಳ್ಳೆ ಬೀಳುವುದು.

ಊರು ಬಿಟ್ಟವರ ಓದು ಇನ್ನೊಂದು ಬಗೆಯದು. ಬೆಂಗಳೂರು, ಹೈದರಾಬಾದ್, ಪುಣೆಗೆ ದುಡಿಯಲು ಹೋದ ಈ ಸೀಮೆಯ ಯುವಕರಿಗೆ ಫೋನಿನಲ್ಲಿ ನೋಡುವ ಸಣ್ಣ ಊರಿನ ಥ್ರಿಲ್ಲರ್ ಊರನ್ನು ತೋರಿಸುತ್ತದೆ, ಬಿಟ್ಟು ಬಂದದ್ದು ಸರಿ ಎಂಬ ಸಮಾಧಾನವನ್ನೂ ಕೊಡುತ್ತದೆ. ಬೇರೆ ಭಾಷೆಯ ವೆಬ್ ಸರಣಿಗಳಲ್ಲಿ ಸಾಂಬಲೂರು, ಚಿತ್ರಕೂಟ, ಮಿರ್ಜಾಪುರಗಳನ್ನು ಕಂಡ ಅವರು ಸಿಂಧನೂರು ರಸ್ತೆಯನ್ನು, ಗಬ್ಬೂರು ಕ್ರಾಸನ್ನು ತೆರೆಯ ಮೇಲೆ ಕಾಣಬೇಕೆಂದು ಬಯಸಿದರೆ ತಪ್ಪೇನಿಲ್ಲ. ಆ ಬಯಕೆಗೆ ಅಡ್ಡ ಬರುವುದು ಬಂಡವಾಳವೂ ಹೌದು, ಭಾಷೆಯೂ ಹೌದು. ‘ಏಕಂ’ ಸರಣಿಯನ್ನು ಕೊಳ್ಳುವವರಿಲ್ಲದೆ 2024ರಲ್ಲಿ ನಿರ್ಮಾಪಕರೇ ಸ್ವಂತ ವೇದಿಕೆ ಕಟ್ಟಿ ತೋರಿಸಬೇಕಾಯಿತು. ಕರಾವಳಿಯ ಕಥೆಗೇ ಹೀಗಾದರೆ ದೋಆಬಿನ ಕಥೆಗೆ ಹಣ ಹಾಕುವವರು ಕಡಿಮೆ. ಭಾಷೆಯ ವಿಚಾರದಲ್ಲಿ ಉತ್ಸವ್ ಗೋನವಾರ ಅವರ ‘ಫೋಟೋ’ ಒಂದು ದಾರಿ ತೋರಿಸಿದೆ. ಅದು ಕ್ರೈಂ ಕಥೆಯಲ್ಲ, ಲಾಕ್‌ಡೌನಿನಲ್ಲಿ ಊರಿಗೆ ನಡೆದು ಬರುವ ಬಾಲಕನ ಕಥೆ. ರಾಯಚೂರು ಕಡೆಯ ಕನ್ನಡ ಅದರಲ್ಲಿ ನಗಿಸಲು ಬಂದಿಲ್ಲ, ಮುಖ್ಯ ಪಾತ್ರಗಳ ಸಹಜ ಮಾತಾಗಿ ಬಂದಿದೆ. ಕ್ರೈಂ ಚಿತ್ರಗಳಲ್ಲಿ ಈ ಮಾತು ಇನ್ನೂ ಬಹುಪಾಲು ರೌಡಿಯ ಬಾಯಲ್ಲಿ, ಇಲ್ಲವೇ ಹಾಸ್ಯದ ಕಾನ್‌ಸ್ಟೆಬಲ್ ಬಾಯಲ್ಲಿದೆ. ತನಿಖೆಗೆ ಬರುವ ಇನ್‌ಸ್ಪೆಕ್ಟರ್ ಪ್ರಶ್ನೆ ಕೇಳುವುದು ಬೆಂಗಳೂರು ಕನ್ನಡದಲ್ಲೇ.